ಊರು ಬಿಡುವ ಮುನ್ನ ಮರಗಳ ಹೆಸರು ಕೇಳಿಕೊಂಡು ಬನ್ನಿ

ಊರು ಬಿಡುವವರ ಕೊನೆಯ ತಿಂಗಳ ಪಟ್ಟಿಯಲ್ಲಿ ಮನೆ ಮಾಲೀಕರ ಲೆಕ್ಕ, ಶಾಲೆಯ ಕಾಗದಪತ್ರ, ಬ್ಯಾಂಕಿನಲ್ಲಿ ವಿಳಾಸ ಬದಲಾವಣೆ, ಸಾಮಾನು ಸಾಗಿಸುವವರ ಫೋನ್ ನಂಬರು ಎಲ್ಲ ಇರುತ್ತವೆ. ನನ್ನ ಪಟ್ಟಿಯಲ್ಲಿ ಇವುಗಳ ನಡುವೆ ಇನ್ನೊಂದು ಸಾಲು ಇರುತ್ತದೆ: ಅರ್ಬೊರೇಟಂ. ನನ್ನದು ವರ್ಗಾವಣೆಯ ನೌಕರಿ. ಊರು ಬಿಡುವುದು ರೂಢಿಯಾಗಿದೆ, ಈ ಸಾಲನ್ನು ಮಾತ್ರ ಬಿಟ್ಟಿಲ್ಲ. ನಮ್ಮವರು ಇದನ್ನು "ಮರಗಳ ಹಾಜರಿ" ಅಂತ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಟೇಪು ಹಿಡಿಯಲು ಅವರೇ ಬರಬೇಕು.

ಅರ್ಬೊರೇಟಂ ಎಂದರೆ ಮರಗಳ ತೋಟ. ನೋಡಲು ಪಾರ್ಕಿನಂತೆಯೇ ಇರುತ್ತದೆ, ಬೆಂಚು, ದಾರಿ, ಓಡುವ ಮಕ್ಕಳು ಎಲ್ಲ. ಆದರೆ ಪಾರ್ಕಿನ ಮರಕ್ಕೆ ನೆರಳು ಕೊಟ್ಟರೆ ಸಾಕು. ಅರ್ಬೊರೇಟಂನ ಮರಕ್ಕೆ ದಾಖಲೆಯೂ ಇರುತ್ತದೆ: ಯಾವ ಜಾತಿ, ಎಲ್ಲಿಂದ ಬಂತು, ಯಾವ ವರ್ಷ, ಬೀಜವಾಗಿಯೋ ಕಸಿಯಾಗಿಯೋ. ಸಾರ್ವಜನಿಕರಿಗಾಗಿ ಇಂಥದ್ದನ್ನು ಮಾಡುವ ಯೋಚನೆ ಹೊಸದಲ್ಲ. ಇಂಗ್ಲೆಂಡಿನ ಡರ್ಬಿಯಲ್ಲಿ ಜೋಸೆಫ್ ಸ್ಟ್ರಟ್ ಎಂಬ ಗಿರಣಿ ಮಾಲೀಕ ಕೊಟ್ಟ ಜಾಗದಲ್ಲಿ ಜಾನ್ ಕ್ಲಾಡಿಯಸ್ ಲೌಡನ್ ವಿನ್ಯಾಸ ಮಾಡಿದ ಅರ್ಬೊರೇಟಂ 1840ರಲ್ಲಿ ತೆರೆಯಿತು. ಊರಿನ ದುಡಿಯುವ ಜನ ನಡೆದಾಡುತ್ತಾ ಮರಗಳನ್ನು ಹೆಸರು ಹಿಡಿದು ಪರಿಚಯ ಮಾಡಿಕೊಳ್ಳಲಿ ಎಂಬುದು ಲೌಡನ್ ಆಸೆ.

ನಾನು ಹೇಳುತ್ತಿರುವುದು ಕಣ್ಣು ತುಂಬಿಕೊಂಡು ಸುತ್ತಾಡುವ ವಿದಾಯದ ಭೇಟಿಯಲ್ಲ. ಅದನ್ನು ಎಲ್ಲಿ ಬೇಕಾದರೂ ಮಾಡಬಹುದು, ಬಸ್ ನಿಲ್ದಾಣದಲ್ಲೂ. ಇಲ್ಲಿಗೆ ಹೋಗಬೇಕಾದ್ದು ಒಂದು ಕೆಲಸಕ್ಕೆ. ಅಡುಗೆಮನೆಯ ಕಿಟಕಿಗೆ ಎದುರಾಗಿ ಇಷ್ಟು ವರ್ಷ ನಿಂತಿದ್ದ ಮರ, ಆಫೀಸಿನ ಗೇಟಿನ ಪಕ್ಕ ವರ್ಷಕ್ಕೊಮ್ಮೆ ಕಾರುಗಳ ಮೇಲೆಲ್ಲ ಹೂ ಚೆಲ್ಲುತ್ತಿದ್ದ ಮರ, ಇವಕ್ಕೆ ಬೀದಿಯಲ್ಲಿ ಯಾರೂ ಹೆಸರು ಬರೆದು ಹಾಕಿಲ್ಲ. ಅದೇ ಜಾತಿಯ ಮರ ಅರ್ಬೊರೇಟಂನಲ್ಲಿ ಲೇಬಲ್ ಕಟ್ಟಿಸಿಕೊಂಡು ನಿಂತಿರುವ ಸಾಧ್ಯತೆ ಬಹಳ. ಹೆಸರು ಕೈಗೆ ಬಂದರೆ ಹೊಸ ಊರಿನಲ್ಲಿ ಅದನ್ನೇ, ಇಲ್ಲವೇ ಅದರ ದಾಯಾದಿಯನ್ನು ಹುಡುಕಬಹುದು. ಹೆಸರಿಲ್ಲದಿದ್ದರೆ "ನಮ್ಮ ಹಳೇ ಮನೆ ಹತ್ತಿರ ಒಂದು ಮರ ಇತ್ತು, ನೇರಳೆ ಬಣ್ಣದ ಹೂವು" ಅನ್ನುವಲ್ಲಿಗೇ ಮಾತು ನಿಲ್ಲುತ್ತದೆ.

ಯಾವಾಗ ಹೋಗಬೇಕು

ಕೊನೆಯ ದಿನ ಖಂಡಿತ ಬೇಡ. ಕೊನೆಯ ವಾರವೂ ಬೇಡ. ಸಾಮಾನು ಕಟ್ಟಲು ಶುರುವಾದ ಮೇಲೆ ಮನಸ್ಸು ಪೂರ್ತಿ ಡಬ್ಬಗಳ ಮೇಲಿರುತ್ತದೆ, ನಡೆಯುವ ಶೂ ಯಾವ ಡಬ್ಬದಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹೊರಡಲು ಒಂದು ತಿಂಗಳಿರುವಾಗ ಮೊದಲ ಭೇಟಿ ಇಟ್ಟುಕೊಳ್ಳಿ. ಮೊದಲ ಸಲ ಅರ್ಧ ಪ್ರಶ್ನೆಗಳಿಗೆ ಮಾತ್ರ ಉತ್ತರ ಸಿಗುತ್ತದೆ. ಉಳಿದ ಅರ್ಧಕ್ಕೆ ಮತ್ತೆ ಬೀದಿಗೆ ಬಂದು ಆ ಮರದ ಎಲೆಯನ್ನು ಇನ್ನೊಮ್ಮೆ ನೋಡಿ, ಮತ್ತೆ ತೋಟಕ್ಕೆ ಹೋಗಬೇಕಾಗುತ್ತದೆ. ಎರಡು ಭೇಟಿಗಳ ನಡುವೆ ವಾರದ ಅಂತರ ಇದ್ದರೆ ಒಳ್ಳೆಯದು.

ಒಂದು ಭೇಟಿಯಾದರೂ ವಾರದ ನಡುವಿನ ದಿನ ಇರಲಿ. ಭಾನುವಾರ ಗೇಟು ತೆರೆದಿರುತ್ತದೆ, ಮರಗಳ ದಾಖಲೆ ನೋಡಿಕೊಳ್ಳುವವರು ಇರುವುದಿಲ್ಲ.

ಎಲೆ ಉದುರುವ ಕಾಲದಲ್ಲಿ ಊರು ಬಿಡುವವರು ಬೇಸರ ಮಾಡಿಕೊಳ್ಳಬೇಕಿಲ್ಲ. ಹೂವು ಇದ್ದಾಗ ಕಣ್ಣು ಬೇರೆ ಏನನ್ನೂ ನೋಡುವುದಿಲ್ಲ. ತೊಗಟೆ, ಮೊಗ್ಗು, ಎಲೆ ಬಿದ್ದ ಜಾಗದ ಕಲೆ, ನೆಲದ ಮೇಲಿನ ಒಣಗಿದ ಕಾಯಿ, ಇವು ಹೂವಿಲ್ಲದ ತಿಂಗಳುಗಳಲ್ಲೂ ಸಿಗುವ ಗುರುತುಗಳು. ಹೊಸ ಊರಿಗೆ ನೀವು ಯಾವ ತಿಂಗಳಲ್ಲಿ ಕಾಲಿಡುತ್ತೀರೋ, ಅಲ್ಲಿ ಯಾವುದು ಹೂ ಬಿಟ್ಟಿರುತ್ತದೋ ಯಾರಿಗೆ ಗೊತ್ತು. ತೊಗಟೆ ಮಾತ್ರ ಇದ್ದೇ ಇರುತ್ತದೆ.

ಮೊದಲು ಬೀದಿಯ ಕೆಲಸ

ಬರಿಗೈಯಲ್ಲಿ ಅರ್ಬೊರೇಟಂಗೆ ಹೋದರೆ ಅದು ನಿಮಗೆ ತೋರಿಸುವುದನ್ನು ನೋಡಿಕೊಂಡು ಬರುತ್ತೀರಿ. ನಿಮಗೆ ಬೇಕಾದ್ದು ಸಿಗಬೇಕಾದರೆ ಪ್ರಶ್ನೆಗಳನ್ನು ಹೊತ್ತುಕೊಂಡು ಹೋಗಬೇಕು.

ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ನಿಮ್ಮ ಮರಗಳ ಪಟ್ಟಿ ಮಾಡಿ. ಹೆಸರು ಬೇಡ, ಗೊತ್ತಿಲ್ಲವಲ್ಲ. "ಮಗಳ ಶಾಲೆಯ ತಿರುವು", "ಬಟ್ಟೆ ಒಣಗಿಸುವಾಗ ಕಾಣುವುದು", "ಲೈಬ್ರರಿ ಮುಂದೆ, ಯಾವಾಗಲೂ ಅಂಟಂಟು". ಆರು ಏಳು ಮರ ಧಾರಾಳವಾಯಿತು. ಇಪ್ಪತ್ತು ಬರೆದರೆ ಒಂದೂ ಮುಗಿಯುವುದಿಲ್ಲ. ಪ್ರತಿಯೊಂದರ ಕೆಳಗೂ ಹೋಗಿ ನಿಂತು ನಾಲ್ಕು ವಿಷಯ ಬರೆದುಕೊಳ್ಳಿ: ಎಲೆ ಕೊಂಬೆಗೆ ಹೇಗೆ ಕೂತಿದೆ, ಎಲೆ ಒಂಟಿಯೋ ಸಂಯುಕ್ತವೋ, ತೊಗಟೆ ಹೇಗಿದೆ, ಕೆಳಗೆ ಬಿದ್ದ ಕಾಯಿ ಹೇಗಿದೆ.

ಮೊದಲ ಎರಡು ಅಂಶಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ಮರ ಗುರುತಿಸುವ ಕೆಲಸದಲ್ಲಿ ಅರ್ಧ ಗೊಂದಲ ಇಲ್ಲೇ ತೀರುತ್ತದೆ. ಕೊಂಬೆಯ ಒಂದೇ ಗಿಣ್ಣಿನಿಂದ ಎರಡು ಎಲೆ ಎದುರುಬದುರಾಗಿ ಹೊರಟಿದೆಯೋ, ಅಥವಾ ಒಂದು ಈ ಕಡೆ, ಇನ್ನೊಂದು ಸ್ವಲ್ಪ ಮೇಲೆ ಆ ಕಡೆ ಅಂತ ಪರ್ಯಾಯವಾಗಿದೆಯೋ ನೋಡಿ. ಎಲೆ ಒಂಟಿಯೋ ಸಂಯುಕ್ತವೋ ತಿಳಿಯಬೇಕಾದರೆ ಎಲೆಯ ತೊಟ್ಟು ಕೊಂಬೆಗೆ ಸೇರುವ ಸಂದಿಯಲ್ಲಿ ಮೊಗ್ಗು ಹುಡುಕಿ. ಮೊಗ್ಗು ಇರುವಲ್ಲಿಂದ ಮುಂದಿನದ್ದೆಲ್ಲ ಸೇರಿ ಒಂದು ಎಲೆ. ಬೇವಿನಲ್ಲಿ ನಾವು ಎಲೆ ಅಂದುಕೊಳ್ಳುವ ಆ ಸಣ್ಣ ಗರಗಸದಂಚಿನ ತುಣುಕಿನ ಬುಡದಲ್ಲಿ ಮೊಗ್ಗು ಇರುವುದಿಲ್ಲ. ಅದು ಎಲೆಯಲ್ಲ, ಎಲೆಯ ಒಂದು ದಳ. ಇಡೀ ಗರಿಯೇ ಒಂದು ಎಲೆ.

ಇದರಿಂದ ಏನು ಲಾಭ? ಗುಲ್‌ಮೊಹರ್ ಮತ್ತು ಜಕರಂಡ ಹೂವಿಲ್ಲದಾಗ ಒಂದೇ ತರಹ ಕಾಣುತ್ತವೆ, ಎರಡಕ್ಕೂ ಜರಿಗಿಡದಂಥ ನವಿರಾದ ಗರಿಗಳು. ಆದರೆ ಜಕರಂಡದ ಎಲೆಗಳು ಎದುರುಬದುರು, ಗುಲ್‌ಮೊಹರಿನವು ಪರ್ಯಾಯ. ಕೆಳಗೆ ಕಾಯಿ ಬಿದ್ದಿದ್ದರೆ ಇನ್ನೂ ಸುಲಭ: ಗುಲ್‌ಮೊಹರಿನದು ಮೊಳದುದ್ದದ ಚಪ್ಪಟೆ ಕಟ್ಟಿಗೆಯಂಥ ಕಾಯಿ, ಜಕರಂಡದ್ದು ಅಂಗೈಯಲ್ಲಿ ಹಿಡಿಸುವ ದುಂಡನೆಯ ಬಿಲ್ಲೆ. ತಂಪು ದೇಶಗಳ ಬೀದಿಗಳಲ್ಲಿ ಮೇಪಲ್ ಮತ್ತು ಪ್ಲೇನ್ ಮರಗಳ ಎಲೆ ಕಂಡು ಇದೇ ಗೊಂದಲವಾಗುತ್ತದೆ, ಎರಡಕ್ಕೂ ಬೆರಳು ಬಿಡಿಸಿದಂಥ ಹಾಲೆಗಳು. ಮೇಪಲ್ ಎದುರುಬದುರು, ಪ್ಲೇನ್ ಪರ್ಯಾಯ. ಪ್ಲೇನಿನಲ್ಲಿ ಇನ್ನೂ ಒಂದು ತಮಾಷೆ ಇದೆ: ಎಲೆತೊಟ್ಟಿನ ಬುಡವೇ ಟೊಪ್ಪಿಗೆಯಂತೆ ಮೊಗ್ಗನ್ನು ಮುಚ್ಚಿರುತ್ತದೆ, ಎಲೆ ಕಿತ್ತರೆ ಮಾತ್ರ ಮೊಗ್ಗು ಕಾಣುತ್ತದೆ. ನಿಮ್ಮ ಬೀದಿಯಲ್ಲಿ ಬಿದ್ದ ಎಲೆಯ ತೊಟ್ಟಿನ ತುದಿ ಪೊಳ್ಳಾಗಿದೆಯೇ ನೋಡಿ, ಅಷ್ಟೇ ಸಾಕು.

ಬೀದಿಯಲ್ಲಿ ಬಿದ್ದ ಎಲೆ, ಕಾಯಿಗಳನ್ನು ಹಳೆಯ ಪತ್ರಿಕೆಯ ಹಾಳೆಗಳ ನಡುವೆ ಇಟ್ಟು, ಮೇಲೆ ಜಾಗ, ತಾರೀಖು ಬರೆಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಬೇಡಿ, ಬೆವರಿ ಕಪ್ಪಾಗುತ್ತವೆ. ಇವನ್ನು ತೋಟದ ಒಳಗೆ ಕೊಂಡೊಯ್ಯುವ ಮೊದಲು ಗೇಟಿನಲ್ಲಿ ತೋರಿಸಿ ಕೇಳಿ. ಬೇಡ ಅಂದರೆ ಫೋಟೊ ಸಾಕು.

ಫೋನಿನಲ್ಲಿ ಫೋಟೊ ತೆಗೆದು ಹೆಸರು ಹೇಳುವ ಆ್ಯಪ್‌ಗಳಿವೆಯಲ್ಲ ಅಂತ ಮಗಳು ಕೇಳುತ್ತಾಳೆ. ಇವೆ, ನಾನೂ ಬಳಸುತ್ತೇನೆ. ಆ್ಯಪ್ ಹೇಳುವುದು ಊಹೆ. ಲೇಬಲ್ ಬರೆದವರು ಬೀಜ ಬಂದ ದಿನದಿಂದ ಆ ಮರದ ಕಾಗದಪತ್ರ ಇಟ್ಟುಕೊಂಡವರು. ಆ್ಯಪ್ ಹೇಳಿದ ಹೆಸರನ್ನು ಹಿಡಿದುಕೊಂಡು ತೋಟದಲ್ಲಿ ಅದೇ ಹೆಸರಿನ ಮರದ ಮುಂದೆ ನಿಂತು ತಾಳೆ ನೋಡಿ. ಹೊಂದಿದರೆ ಪಟ್ಟಿಯಲ್ಲಿ ಗೀಟು ಎಳೆಯಿರಿ.

ಲೇಬಲ್ ಓದುವ ವಿದ್ಯೆ

ಒಳಗೆ ಹೋದವರೇ ನಕ್ಷೆ ಕೇಳಿ ತೆಗೆದುಕೊಳ್ಳಿ, ಮರಗಳನ್ನು ಯಾವ ಲೆಕ್ಕದಲ್ಲಿ ನೆಟ್ಟಿದ್ದಾರೆ ಅಂತಲೂ ಕೇಳಿ. ಕೆಲವು ಕಡೆ ಕುಟುಂಬದ ಪ್ರಕಾರ, ಕೆಲವು ಕಡೆ ಖಂಡದ ಪ್ರಕಾರ, ಇನ್ನು ಕೆಲವು ಕಡೆ ಮೇಪಲ್‌ಗಳೆಲ್ಲ ಒಂದು ಕಡೆ, ಪೈನಿನಂಥ ಸೂಚಿಪರ್ಣಿಗಳೆಲ್ಲ ಒಂದು ಕಡೆ. ಬೋಸ್ಟನ್ನಿನ ಆರ್ನಾಲ್ಡ್ ಅರ್ಬೊರೇಟಂ ಶುರುವಾದದ್ದು 1872ರಲ್ಲಿ. ಮೊದಲ ನಿರ್ದೇಶಕ ಚಾರ್ಲ್ಸ್ ಸಾರ್ಜೆಂಟ್ ಮತ್ತು ವಿನ್ಯಾಸಕಾರ ಫ್ರೆಡೆರಿಕ್ ಲಾ ಓಲ್ಮ್‌ಸ್ಟೆಡ್ ಅಲ್ಲಿನ ಮರಗಳನ್ನು ಆಗ ಚಾಲ್ತಿಯಲ್ಲಿದ್ದ, ಬೆಂಥಮ್ ಮತ್ತು ಹುಕರ್ ಎಂಬ ಸಸ್ಯವಿಜ್ಞಾನಿಗಳ ವರ್ಗೀಕರಣದ ಕ್ರಮದಲ್ಲೇ ದಾರಿಯುದ್ದಕ್ಕೂ ಹಂಚಿದರು. ಕುಟುಂಬದ ಪ್ರಕಾರ ನೆಟ್ಟ ತೋಟದಲ್ಲಿ ನಿಮ್ಮ ಮರ ಆಲದ ಜಾತಿಯದು ಅಂತ ಅನುಮಾನ ಬಂದರೆ, ಆ ಒಂದು ಮೂಲೆಗೆ ಹೋದರೆ ಸಾಕು.

ಲೇಬಲ್ ಸಾಮಾನ್ಯವಾಗಿ ಎರಡು ಇರುತ್ತವೆ. ಬರುವವರಿಗಾಗಿ ಹಾಕಿದ ದೊಡ್ಡ ಫಲಕ ಒಂದು, ಕಾಂಡಕ್ಕೋ ಕೊಂಬೆಗೋ ತೂಗುಹಾಕಿದ ಸಣ್ಣ ಲೋಹದ ಬಿಲ್ಲೆ ಇನ್ನೊಂದು. ದೊಡ್ಡದರಲ್ಲಿ ಹೆಸರಿರುತ್ತದೆ, ಸಣ್ಣದರಲ್ಲಿ ಕಥೆ. ಬಹಳ ಜನ ಸಣ್ಣದನ್ನು ನೋಡುವುದೇ ಇಲ್ಲ.

ಮೊದಲು ಹೆಸರು. ವೈಜ್ಞಾನಿಕ ಹೆಸರಿನಲ್ಲಿ ಮೊದಲ ಪದ ಕುಲ, ಎರಡನೆಯದು ಜಾತಿ. ಊರಿನ ಹೆಸರನ್ನು ಬರೆದುಕೊಂಡರೆ ಸಾಲದು, ಒಂದೇ ಮರಕ್ಕೆ ಹತ್ತು ಊರಲ್ಲಿ ಹತ್ತು ಹೆಸರು, ಒಂದೇ ಹೆಸರಿಗೆ ನಾಲ್ಕು ಮರ. ಹೆಸರಿನ ಕೊನೆಯಲ್ಲಿ ಎಲ್ ಎಂಬ ಒಂಟಿ ಅಕ್ಷರ, ಒಂದು ಚುಕ್ಕೆ ಕಂಡರೆ ಅದು ಆ ಹೆಸರು ಕೊಟ್ಟ ಸಸ್ಯವಿಜ್ಞಾನಿ ಲಿನೇಯಸ್. 1753ರಲ್ಲಿ ಪ್ರಕಟವಾದ ಅವನ ಗ್ರಂಥದಿಂದಲೇ ಇಂದಿನ ಸಸ್ಯನಾಮಗಳ ಲೆಕ್ಕ ಶುರು. ಎರಡು ಪದಗಳ ನಡುವೆ ಗುಣಾಕಾರದ ಚಿಹ್ನೆ ಇದ್ದರೆ ಅದು ಎರಡು ಜಾತಿಗಳ ಮಿಶ್ರತಳಿ. ಲಂಡನ್ ಪ್ಲೇನ್ ಅಂಥದ್ದು, ಪೂರ್ವದೇಶದ ಪ್ಲೇನ್‌ಗೂ ಅಮೆರಿಕದ ಪ್ಲೇನ್‌ಗೂ ಹುಟ್ಟಿದ್ದು. ಒಂಟಿ ಉದ್ಧರಣ ಚಿಹ್ನೆಯೊಳಗೆ ಹೆಸರಿದ್ದರೆ ಅದು ಮನುಷ್ಯರು ಆರಿಸಿ ಬೆಳೆಸಿದ ತಳಿ. ಹಾಗಿದ್ದಲ್ಲಿ ತಳಿಯ ಹೆಸರನ್ನೂ ಬರೆದುಕೊಳ್ಳಿ, ಅದರ ಹೂವಿನ ಬಣ್ಣ, ಎಲೆಯ ಆಕಾರ ಮೂಲ ಜಾತಿಗಿಂತ ಬೇರೆ ಇರಬಹುದು.

ಇನ್ನು ನೋಂದಣಿ ಸಂಖ್ಯೆ. ನನ್ನ ಮಟ್ಟಿಗೆ ಇಡೀ ಲೇಬಲ್ಲಿನಲ್ಲಿ ಬೆಲೆಬಾಳುವ ಸಾಲು ಇದೇ. ಮಾದರಿಗೆ 1987-0142 ಎ ಅಂತ ಇದೆ ಅನ್ನಿ. 1987ರಲ್ಲಿ ತೋಟದ ಪುಸ್ತಕಕ್ಕೆ ಸೇರಿದ 142ನೆಯ ಸಂಗ್ರಹ, ಆ ಸಂಗ್ರಹದಿಂದ ಬೆಳೆದ ಗಿಡಗಳಲ್ಲಿ ಎ ಎಂಬುದು ಇದು. ಒಂದೊಂದು ತೋಟದ ಕ್ರಮ ಒಂದೊಂದು. ಕೆಲವರು ವರ್ಷವನ್ನು ಕೊನೆಗೆ ಬರೆಯುತ್ತಾರೆ, ಕೆಲವರು ಎರಡೇ ಅಂಕೆ. ಆ ವರ್ಷ ಮರದ ಹುಟ್ಟಿದ ವರ್ಷವಲ್ಲ, ನೆಟ್ಟ ವರ್ಷವೂ ಅಲ್ಲ. ಬೀಜವೋ ಕಡ್ಡಿಯೋ ತೋಟದ ದಾಖಲೆಗೆ ಬಂದ ವರ್ಷ. ಸಂಖ್ಯೆಯ ಜೊತೆ ಅಥವಾ ತೋಟದ ದಾಖಲೆಯಲ್ಲಿ ಡಬ್ಲ್ಯೂ ಎಂಬ ಅಕ್ಷರ ಇದ್ದರೆ ಅದು ಕಾಡಿನಿಂದ ನೇರವಾಗಿ ಸಂಗ್ರಹಿಸಿದ್ದು. ಝಡ್ ಇದ್ದರೆ ಕಾಡಿನಿಂದ ತಂದ ಗಿಡದ ಸಂತಾನ. ಜಿ ಇದ್ದರೆ ತೋಟದ ಮೂಲದ್ದು, ಯು ಇದ್ದರೆ ಮೂಲ ಸರಿಯಾಗಿ ಗೊತ್ತಿಲ್ಲದ್ದು.

ಊರು ಬಿಡುವವರಿಗೆ ಈ ಸಂಖ್ಯೆ ಯಾಕೆ ಬೇಕು ಅಂದರೆ, ವೈಜ್ಞಾನಿಕ ಹೆಸರೂ ಬದಲಾಗುತ್ತದೆ. ಸಂಜೆಯಾದರೆ, ಮೋಡ ಕವಿದರೆ ಎಲೆ ಮಡಚಿಕೊಳ್ಳುವ ಮಳೆಮರಕ್ಕೆ ಕೆಲವು ತೋಟಗಳಲ್ಲಿ ಸಮನಿಯ ಸಮನ್ ಅಂತ ಇರುತ್ತದೆ, ಇನ್ನು ಕೆಲವು ಕಡೆ ಅಲ್ಬಿಜಿಯ ಸಮನ್. ಮರ ಅದೇ. ನೋಂದಣಿ ಸಂಖ್ಯೆ ಮಾತ್ರ ಮರ ಸತ್ತರೂ ಬದಲಾಗುವುದಿಲ್ಲ. ಸತ್ತ ಮರದ ದಾಖಲೆಯನ್ನೂ ಒಳ್ಳೆಯ ಅರ್ಬೊರೇಟಂ ತೆಗೆದುಹಾಕುವುದಿಲ್ಲ, ಯಾವಾಗ ಹೋಯಿತು, ಯಾಕೆ ಹೋಯಿತು ಅಂತ ಬರೆದಿಡುತ್ತದೆ. ನಿಮ್ಮ ಕಿಟಕಿಯ ಮರವನ್ನು ರಸ್ತೆ ಅಗಲ ಮಾಡಲು ಮುಂದಿನ ವರ್ಷ ಕಡಿದರೆ ನಿಮಗೆ ಯಾರೂ ತಿಳಿಸುವುದಿಲ್ಲ. ಅದೇ ಜಾತಿಯ ಒಂದು ಮರವನ್ನು ತೋಟದಲ್ಲಿ ಆರಿಸಿಕೊಂಡು ಸಂಖ್ಯೆ ಬರೆದಿಟ್ಟುಕೊಂಡರೆ ಸಾವಿರ ಮೈಲಿ ದೂರದಿಂದಲೂ ಅದರ ಆರೋಗ್ಯ ವಿಚಾರಿಸಬಹುದು. ದೊಡ್ಡ ಅರ್ಬೊರೇಟಂಗಳ ಸಂಗ್ರಹವನ್ನು ಅಂತರ್ಜಾಲದಲ್ಲೇ ಹುಡುಕಲು ಬರುತ್ತದೆ, ಉಳಿದವಕ್ಕೆ ಒಂದು ಇಮೇಲ್. ಆರ್ನಾಲ್ಡ್ ಅರ್ಬೊರೇಟಂ ಜಾಗದ ಬಗ್ಗೆ ಬೋಸ್ಟನ್ ನಗರಕ್ಕೂ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೂ 1882ರಲ್ಲಿ ಆದ ಕರಾರು 1,000 ವರ್ಷದ್ದು. ಬಾಡಿಗೆ ಮನೆಗಳಲ್ಲೇ ಬದುಕಿದ ನನಗೆ ಈ ಅಂಕಿ ಓದಿದಾಗಲೆಲ್ಲ ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಫಲಕದಲ್ಲಿ ಮೂಲ ನೆಲೆಯ ಹೆಸರೂ ಇರುತ್ತದೆ. ಗುಲ್‌ಮೊಹರ್ ಎಂದರೆ ಮಡಗಾಸ್ಕರ್, ಜಕರಂಡ ದಕ್ಷಿಣ ಅಮೆರಿಕ, ಗಿಂಕ್ಗೊ ಚೀನಾ. ಇದನ್ನು ಓದಿ "ನೋಡಿ, ಮರಗಳೂ ನಮ್ಮ ಹಾಗೆ ಊರು ಬಿಟ್ಟು ಬಂದವು" ಅಂತ ಪುಳಕಗೊಳ್ಳುವವರಿದ್ದಾರೆ. ಮರಗಳು ಬಿಟ್ಟು ಬರಲಿಲ್ಲ, ಯಾರೋ ಹೊತ್ತು ತಂದರು. ನನಗೆ ಆ ಸಾಲು ಉಪಯೋಗಕ್ಕೆ ಬರುವುದು ಬೇರೆ ರೀತಿ. ಹೊಸ ಊರಿನಲ್ಲಿ ಹಿಮ ಬೀಳುತ್ತದೆ ಅಂದರೆ ಉಷ್ಣವಲಯದ ಮಳೆಮರ ಅಲ್ಲಿ ಬಯಲಿನಲ್ಲಿ ಸಿಗುವುದಿಲ್ಲ, ಗಾಜಿನ ಮನೆಯಲ್ಲಿ ಹುಡುಕಬೇಕು. ಗಿಂಕ್ಗೊ ಹಿಮ ತಡೆಯುತ್ತದೆ, ನಗರದ ಹೊಗೆಯನ್ನೂ ತಡೆಯುತ್ತದೆ, ಹಾಗಾಗಿ ಸಿಗುವ ಸಾಧ್ಯತೆ ಹೆಚ್ಚು. ಪಟ್ಟಿಯ ಒಂದೊಂದು ಹೆಸರಿನ ಮುಂದೆಯೂ ಮೂಲ ನೆಲೆ ಬರೆದು, ಹೊಸ ಊರಿನ ಹವಾಮಾನದ ಜೊತೆ ಇಟ್ಟು ನೋಡಿ. ಯಾವುದನ್ನು ಅಲ್ಲಿ ಮತ್ತೆ ನೋಡಬಹುದು, ಯಾವುದನ್ನು ಇಲ್ಲೇ ನೋಡಿ ಮುಗಿಸಬೇಕು ಅಂತ ಗೊತ್ತಾಗುತ್ತದೆ. ಎರಡನೆಯ ಗುಂಪಿಗೆ ಎರಡನೆಯ ಭೇಟಿಯ ಹೆಚ್ಚಿನ ಸಮಯ ಮೀಸಲಿಡಿ.

ಇಷ್ಟು ಕಲಿತ ಮೇಲೆ ಅಭ್ಯಾಸಕ್ಕೆ ಒಂದು ಮರ ಹೇಳುತ್ತೇನೆ. ಸಮಶೀತೋಷ್ಣ ಪ್ರದೇಶದ ಅನೇಕ ಅರ್ಬೊರೇಟಂಗಳಲ್ಲಿ ಮೆಟಾಸಿಕೋಯ ಎಂಬುದು ಇರುತ್ತದೆ, ಡಾನ್ ರೆಡ್‌ವುಡ್ ಅಂತಲೂ ಕರೆಯುತ್ತಾರೆ. ಜಪಾನಿನ ಶಿಗೆರು ಮಿಕಿ 1941ರಲ್ಲಿ ಈ ಕುಲವನ್ನು ವಿವರಿಸಿದ್ದು ಪಳೆಯುಳಿಕೆಯಿಂದ. ಮರ ಎಂದೋ ಅಳಿದುಹೋಯಿತು ಅಂತಲೇ ಎಲ್ಲರ ಭಾವನೆ. ಅದೇ ದಶಕದಲ್ಲಿ ಚೀನಾದ ಒಳನಾಡಿನಲ್ಲಿ ಜೀವಂತ ಮರಗಳು ಸಿಕ್ಕವು. ಬೀಜಗಳು ಆರ್ನಾಲ್ಡ್ ಅರ್ಬೊರೇಟಂಗೆ ಬಂದು, 1948ರಲ್ಲಿ ಅಲ್ಲಿಂದ ಜಗತ್ತಿನ ಹಲವಾರು ತೋಟಗಳಿಗೆ ಹಂಚಿಕೆಯಾದವು. ನಿಮ್ಮೂರ ತೋಟದ ಮೆಟಾಸಿಕೋಯದ ಬಿಲ್ಲೆಯಲ್ಲಿ 1948 ಇದೆಯೇ ನೋಡಿ. ಇದ್ದರೆ ಅದು ಬಹುಶಃ ಆ ಮೊದಲ ಹಂಚಿಕೆಯದೇ. ಪಕ್ಕದಲ್ಲೇ ಟ್ಯಾಕ್ಸೋಡಿಯಂ ನಿಂತಿದ್ದರೆ ಗುರುತು ಹಿಡಿಯುವ ಪರೀಕ್ಷೆಯೂ ಆಗುತ್ತದೆ. ಎರಡೂ ಸೂಚಿಪರ್ಣಿಗಳು, ಎರಡೂ ಚಳಿಗಾಲದಲ್ಲಿ ಎಲೆ ಉದುರಿಸುತ್ತವೆ, ದೂರದಿಂದ ಅಣ್ಣತಮ್ಮಂದಿರೇ. ಮೆಟಾಸಿಕೋಯದ ಸಣ್ಣ ಎಲೆಗಳು ಎದುರುಬದುರು, ಟ್ಯಾಕ್ಸೋಡಿಯಂನವು ಪರ್ಯಾಯ.

ಫೋಟೊ ಮತ್ತು ಟೇಪು

ಮರದ ಫೋಟೊ ತೆಗೆಯುವ ಮೊದಲು ಲೇಬಲ್ಲಿನ ಫೋಟೊ ತೆಗೆಯಿರಿ. ಯಾವಾಗಲೂ ಇದೇ ಕ್ರಮ. ಮನೆಗೆ ಬಂದು ನೋಡುವಾಗ ಒಂದು ಲೇಬಲ್ಲಿನಿಂದ ಮುಂದಿನ ಲೇಬಲ್ಲಿನವರೆಗೆ ಇರುವುದೆಲ್ಲ ಒಂದೇ ಮರದ್ದು ಅಂತ ತಾನಾಗಿ ವಿಂಗಡಣೆಯಾಗಿರುತ್ತದೆ. ಆಮೇಲೆ ಇಡೀ ಮರ, ಬುಡದಲ್ಲಿ ಒಬ್ಬರನ್ನು ನಿಲ್ಲಿಸಿ. ಆಮೇಲೆ ತೊಗಟೆ ಕೈಯಳತೆಯಿಂದ, ಎಲೆಯ ಮೇಲ್ಮೈ, ಎಲೆಯ ಕೆಳಮೈ, ಎಲೆ ಕೊಂಬೆಗೆ ಸೇರುವ ಸಂದಿ, ಕಾಯಿ. ಎಲೆಯ ಕೆಳಮೈಯನ್ನು ಯಾರೂ ತೆಗೆಯುವುದಿಲ್ಲ, ಆದರೆ ರೋಮ, ಬಣ್ಣ, ನರಗಳು ಎಲ್ಲ ಅಲ್ಲೇ ಇರುತ್ತವೆ. ಸೂರ್ಯಾಸ್ತದ ಹಿನ್ನೆಲೆಯಲ್ಲಿ ಕಪ್ಪಗೆ ಕಾಣುವ ಮರದ ಫೋಟೊ ಗೋಡೆಗೆ ಚೆನ್ನ, ಗುರುತಿಸಲು ನಿಷ್ಪ್ರಯೋಜಕ.

ಸುತ್ತಳತೆ ತೆಗೆಯಬೇಕೆಂದಿದ್ದರೆ ದರ್ಜಿಯ ಟೇಪು ಸಾಕು. ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಳೆಯುವುದು ಬಹುತೇಕ ದೇಶಗಳ ಪದ್ಧತಿ, ಅಮೆರಿಕದಲ್ಲಿ ನಾಲ್ಕೂವರೆ ಅಡಿ. ಬಂದ ಅಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ. ಎತ್ತರಕ್ಕೆ ಒಂದು ಕೋಲು: ಕೈ ನೀಟಾಗಿ ಚಾಚಿ, ಮುಷ್ಟಿಯಿಂದ ಕಣ್ಣಿಗೆ ಎಷ್ಟು ದೂರವೋ ಅಷ್ಟೇ ಉದ್ದ ಕೋಲು ಮುಷ್ಟಿಯ ಮೇಲೆ ನಿಲ್ಲುವಂತೆ ಹಿಡಿಯಿರಿ. ಹಿಂದೆ ಹಿಂದೆ ನಡೆಯುತ್ತಾ ಹೋಗಿ. ಮರದ ಬುಡ ಮುಷ್ಟಿಗೆ, ತುದಿ ಕೋಲಿನ ತುದಿಗೆ ಸರಿಯಾಗಿ ಕೂತಾಗ ನಿಲ್ಲಿ. ಅಲ್ಲಿಂದ ಮರಕ್ಕಿರುವ ದೂರವೇ ಮರದ ಎತ್ತರ. ಹಿಂದೆ ನಡೆಯುವಾಗ ಯಾರಾದರೂ ಜೊತೆಗಿರಲಿ, ನಮ್ಮವರು ಬರುವುದು ಇದಕ್ಕೇ.

ಎಲ್ಲ ಮರವೂ ಟೇಪಿಗೆ ಬಗ್ಗುವುದಿಲ್ಲ. ಹೌರಾದ ಸಸ್ಯೋದ್ಯಾನದಲ್ಲಿರುವ ಹೆಸರಾಂತ ಮಹಾ ಆಲಕ್ಕೆ ಮುಖ್ಯ ಕಾಂಡವೇ ಇಲ್ಲ. ರೋಗ ತಗುಲಿ ಕೊಳೆತಿದ್ದ ಅದನ್ನು 1925ರಲ್ಲಿ ತೆಗೆದುಹಾಕಿದರು, ಮರ ಬಿಳಲುಗಳ ಮೇಲೆ ನಿಂತು ಇವತ್ತಿಗೂ ಹರಡುತ್ತಿದೆ. ಇನ್ನು ಬೇಲಿ ಹಾಕಿದ ಮರದ ಬುಡಕ್ಕೆ ಅಳತೆಗೆಂದು ನುಗ್ಗಬೇಡಿ. ನೀರು, ಆಹಾರ ಹೀರುವ ಬೇರುಗಳಲ್ಲಿ ಬಹುಪಾಲು ಮೇಲ್ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ಹರಹನ್ನೂ ದಾಟಿ ಹೋಗಿರುತ್ತವೆ. ದಿನಾ ಜನ ತುಳಿದರೆ ಮಣ್ಣು ಗಟ್ಟಿಯಾಗಿ ಗಾಳಿ, ನೀರು ಇಳಿಯುವುದಿಲ್ಲ. ಬೇಲಿ ಅದಕ್ಕಾಗಿ.

ಮಕ್ಕಳಿದ್ದರೆ ಒಂದು ಮರವನ್ನು ಅವರೇ ಆರಿಸಲಿ, ಯಾಕೆ ಅಂತ ಕೇಳಬೇಡಿ. ನನ್ನ ಮಗಳು ಆರಿಸಿದ್ದು ಕಾಂಡಕ್ಕೆ ನೇರವಾಗಿ ಹೂವು, ಗುಂಡಿನಂಥ ಕಾಯಿ ಬಿಡುವ ನಾಗಲಿಂಗದ ಮರ. ವಯಸ್ಸಾದವರು ಜೊತೆಗಿದ್ದರೆ ಗೇಟಿಗೆ ಹತ್ತಿರದ ಸಂಗ್ರಹ ಒಂದನ್ನೇ ನೋಡಿ ಬನ್ನಿ.

ತರಬಾರದ್ದು, ಬಿಟ್ಟು ಬರಬಾರದ್ದು

ಒಳಗಿನ ಮರದಿಂದ ಏನನ್ನೂ ಕೀಳುವಂತಿಲ್ಲ, ಇದು ಎಲ್ಲರಿಗೂ ಗೊತ್ತು. ಬಿದ್ದ ಬೀಜ ಒಂದನ್ನು ಜೇಬಿಗೆ ಹಾಕಿಕೊಂಡರೆ ಏನಾಯಿತು ಅನ್ನುವ ಪ್ರಶ್ನೆ ಊರು ಬಿಡುವವರಿಗೆ ಬಂದೇ ಬರುತ್ತದೆ. ಕೇಳದೆ ತೆಗೆದುಕೊಳ್ಳಬೇಡಿ. ದೇಶದ ಗಡಿ ದಾಟುವುದಿದ್ದರೆ ಕೊಟ್ಟರೂ ಬೇಡ. ಬೀಜ, ಮಣ್ಣು, ಹಸಿ ಕಡ್ಡಿಗಳಿಗೆ ಸಸ್ಯಾರೋಗ್ಯ ಪ್ರಮಾಣಪತ್ರ ಕೇಳುವುದು ಸುಮ್ಮನೆ ಅಲ್ಲ. ಏಷ್ಯಾ ಮೂಲದ ಹಸಿರು ದುಂಬಿಯೊಂದು, ಎಮರಲ್ಡ್ ಆ್ಯಶ್ ಬೋರರ್, ಉತ್ತರ ಅಮೆರಿಕದಲ್ಲಿದೆ ಅಂತ ಗೊತ್ತಾದದ್ದು 2002ರಲ್ಲಿ. ಆಮೇಲೆ ಅದು ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ. ದೂರದೂರದ ಊರುಗಳಿಗೆ ಅದನ್ನು ಮುಟ್ಟಿಸಿದ್ದು ಮುಖ್ಯವಾಗಿ ಜನ ವಾಹನಗಳಲ್ಲಿ ಹಾಕಿಕೊಂಡು ಹೋದ ಸೌದೆ. ಸಾಮಾನಿನ ಲಾರಿಗೆ ಅಂಗಳದ ಸೌದೆಯನ್ನೋ ಮಣ್ಣಿನ ಕುಂಡಗಳನ್ನೋ ಏರಿಸುವ ಮೊದಲು ಹೋಗುವ ಕಡೆಯ ನಿಯಮ ನೋಡಿಕೊಳ್ಳಿ.

ಇದರ ಇನ್ನೊಂದು ಮುಖವನ್ನು ಹೇಳಲೇಬೇಕು. ಕೊಂಡೊಯ್ಯಲಾಗದ ಕುಂಡದ ಗಿಡಗಳನ್ನು ಅರ್ಬೊರೇಟಂಗೆ ಕೊಟ್ಟುಬಿಡೋಣ ಅಂತ ಬಹಳ ಜನರಿಗೆ ಅನ್ನಿಸುತ್ತದೆ. ಅಲ್ಲಿಗಿಂತ ಒಳ್ಳೆಯ ಮನೆ ಯಾವುದು ಅಂತ. ಸಾಮಾನ್ಯವಾಗಿ ಅವರು ತೆಗೆದುಕೊಳ್ಳುವುದಿಲ್ಲ. ನಿಮ್ಮ ಗಿಡಕ್ಕೆ ಮೂಲದ ದಾಖಲೆ ಇಲ್ಲ, ಅದರ ಮಣ್ಣಿನಲ್ಲಿ ಯಾವ ಹುಳ ಇದೆಯೋ ಗೊತ್ತಿಲ್ಲ. ಬೇಡ ಅಂದ ಮೇಲೆ ಕತ್ತಲಾಗುವ ಹೊತ್ತಿಗೆ ಮೂಲೆಯಲ್ಲಿ ಗುಂಡಿ ತೋಡಿ ನೆಟ್ಟು ಬರುವ ಭಾವುಕರೂ ಇದ್ದಾರೆ. ತೋಟದವರು ಅದನ್ನು ಕಿತ್ತುಹಾಕುತ್ತಾರೆ, ಕಿತ್ತುಹಾಕಲೇಬೇಕು. ಗಿಡಗಳನ್ನು ನೆರೆಯವರಿಗೆ ಕೊಡಿ. ಎಷ್ಟು ದಿನಕ್ಕೊಮ್ಮೆ ನೀರು, ಎಷ್ಟು ಬಿಸಿಲು ಅಂತ ಒಂದು ಚೀಟಿ ಬರೆದು ಕುಂಡಕ್ಕೆ ಅಂಟಿಸಿ.

ಮುಂದಿನ ತೋಟ

ಹೊಸ ಊರಿನಲ್ಲಿ ಅರ್ಬೊರೇಟಂ ಇದೆಯೇ ಎಂದು ಇಲ್ಲಿಂದಲೇ ಹುಡುಕಿಟ್ಟುಕೊಳ್ಳಿ. ಷಿಕಾಗೋ ಬಳಿಯ ಮಾರ್ಟನ್ ಅರ್ಬೊರೇಟಂ ನಡೆಸುವ ಆರ್ಬ್‌ನೆಟ್ ಜಾಲದಲ್ಲಿ ಜಗತ್ತಿನ ಅರ್ಬೊರೇಟಂಗಳ ಪಟ್ಟಿ ಇದೆ. ಅದು ನಾಲ್ಕು ದರ್ಜೆಗಳ ಮಾನ್ಯತೆಯನ್ನೂ ಕೊಡುತ್ತದೆ. ಮೊದಲ ದರ್ಜೆಗೆ ಕನಿಷ್ಠ 25 ಜಾತಿಯ ಮರಗಳು, ಎರಡನೆಯದಕ್ಕೆ 100, ಮೂರನೆಯದಕ್ಕೆ 500 ಇರಬೇಕು. ನಾಲ್ಕನೆಯದು ಸಂಶೋಧನೆ ನಡೆಸುವ ದೊಡ್ಡ ಸಂಸ್ಥೆಗಳದ್ದು. ಮೊದಲ ದರ್ಜೆಯದು ಅಂತ ಕಡೆಗಣಿಸಬೇಡಿ. ಕಾಲೇಜಿನ ಆವರಣ, ಹಳೆಯ ಸ್ಮಶಾನ ಕೂಡ ಈ ಪಟ್ಟಿಯಲ್ಲಿರುತ್ತವೆ. ಆ ಊರಿನ ಬೀದಿಮರಗಳ ಪರಿಚಯಕ್ಕೆ ಲೇಬಲ್ ಹಾಕಿದ 25 ಜಾತಿ ಒಳ್ಳೆಯ ಆರಂಭ. ಸಸ್ಯೋದ್ಯಾನಗಳ ಅಂತರರಾಷ್ಟ್ರೀಯ ಸಂಸ್ಥೆ ಬಿಜಿಸಿಐ ಕೂಡ ತೋಟಗಳನ್ನು ಊರು, ದೇಶದ ಪ್ರಕಾರ ಹುಡುಕುವ ವ್ಯವಸ್ಥೆ ಇಟ್ಟಿದೆ. ಈಗಿನ ತೋಟದ ಸದಸ್ಯತ್ವ ನಿಮಗಿದ್ದರೆ ಅದನ್ನು ರದ್ದು ಮಾಡುವ ಮೊದಲು ಕಚೇರಿಯಲ್ಲಿ ಕೇಳಿ. ಕೆಲವು ದೇಶಗಳಲ್ಲಿ ಒಂದು ತೋಟದ ಸದಸ್ಯರಿಗೆ ಇತರ ತೋಟಗಳಲ್ಲೂ ಪ್ರವೇಶ ಸಿಗುತ್ತದೆ.

ನೋಟ್‌ಬುಕ್ಕು ಲಾರಿಯ ಡಬ್ಬಕ್ಕೆ ಹೋಗದಿರಲಿ, ಕೈಚೀಲದಲ್ಲೇ ಇರಲಿ. ಅದರ ಕೊನೆಯ ಪುಟದಲ್ಲಿ ಬಿಡುತ್ತಿರುವ ತೋಟದ ಇಮೇಲ್ ವಿಳಾಸ, ನೀವು ಆರಿಸಿದ ಮರಗಳ ನೋಂದಣಿ ಸಂಖ್ಯೆ ಇರಲಿ. ವರ್ಷ ಕಳೆದ ಮೇಲೆ ವಿಚಾರಿಸಬೇಕು ಅನ್ನಿಸಿದರೆ ದೊಡ್ಡ ಕಾಗದ ಬರೆಯಬೇಡಿ, ದಾಖಲೆ ವಿಭಾಗದವರಿಗೆ ನಿಮ್ಮ ನೆನಪುಗಳಿಗಿಂತ ಸಂಖ್ಯೆ ಮುಖ್ಯ. ವಿಷಯದ ಸಾಲಿನಲ್ಲಿ ಸಂಖ್ಯೆ, ಕೆಳಗೆ ಒಂದೇ ಪ್ರಶ್ನೆ: ಈ ಮರ ಇದೆಯೇ? ನಾನು ಹೀಗೆ ಬರೆದಾಗ ಒಮ್ಮೆ ಬಂದ ಉತ್ತರ, "ಇದೆ. ಗಾಳಿಗೆ ಒಂದು ಕೊಂಬೆ ಮುರಿದಿತ್ತು, ಕತ್ತರಿಸಿ ಸರಿಮಾಡಿದ್ದೇವೆ."